‘ಸೀಳ್ತಾರಂತೆ’, ‘ಕೊಡ್ತಾರಂತೆ’: ಒಂದೇ ನಾಲೆ, ಎರಡು ಸುದ್ದಿ

2025ರ ಜೂನ್ ತಿಂಗಳು. ದಾವಣಗೆರೆಯ ನಮ್ಮ ಮನೆಗೆ ಒಂದೇ ದಿನ ಎರಡು ಫೋನ್ ಬಂದವು. ಬೆಳಿಗ್ಗೆ ಮಲೇಬೆನ್ನೂರು ಹತ್ತಿರದ ಹಳ್ಳಿಯಿಂದ ಚಿಕ್ಕಪ್ಪ ಮಾಡಿದ್ದರು. ‘ಭದ್ರಾ ಬಲದಂಡೆ ನಾಲೆ ಸೀಳ್ತಾರಂತಪ್ಪಾ. ನಮ್ ಗದ್ದೆ ಗತಿ ಏನು?’ ಅಂದರು. ಸಂಜೆ ಹೊಸದುರ್ಗದಿಂದ ಸೋದರಮಾವ. ‘ಕುಡಿಯೋಕೆ ಭದ್ರಾ ನೀರು ಕೊಡ್ತಾರಂತೆ ಕಣೋ. ಕೊನೆಗೂ ನಮ್ ಕಡೆ ಕಣ್ಣು ಬಿಟ್ರು’ ಅಂದರು. ಒಬ್ಬರ ದನಿಯಲ್ಲಿ ಭಯ, ಇನ್ನೊಬ್ಬರ ದನಿಯಲ್ಲಿ ಖುಷಿ.

ಇಬ್ಬರೂ ಹೇಳುತ್ತಿದ್ದದ್ದು ಒಂದೇ ಕಾಮಗಾರಿಯ ವಿಷಯ. ಲಕ್ಕವಳ್ಳಿಯ ಭದ್ರಾ ಡ್ಯಾಂ ಹತ್ತಿರ ಬಲದಂಡೆ ನಾಲೆಯನ್ನು ಒಡೆದು, ಪೈಪ್ ಹಾಕಿ, ಹೊಸದುರ್ಗ, ತರೀಕೆರೆ, ಕಡೂರು ಕಡೆಗೆ ಕುಡಿಯುವ ನೀರು ಒಯ್ಯುವ ಕೆಲಸ ಅದು. ದಾವಣಗೆರೆ ಕಡೆಯ ರೈತರು ಇದನ್ನು ವಿರೋಧಿಸಿ ಬೀದಿಗಿಳಿದಿದ್ದರು. ನಮ್ಮ ಕಡೆಯ ಪತ್ರಿಕೆಗಳಲ್ಲಿ, ಭಾಷಣಗಳಲ್ಲಿ, ಪೋಸ್ಟರ್‌ಗಳಲ್ಲಿ ಒಂದೇ ಮಾತು: ‘ನಾಲೆ ಸೀಳುವುದು’. ಆ ಕಡೆ ಹೋದರೆ ಅದೇ ಕೆಲಸದ ಹೆಸರು ‘ಕುಡಿಯುವ ನೀರಿನ ಯೋಜನೆ’. ಚಿಕ್ಕಪ್ಪನೂ ಸುಳ್ಳು ಹೇಳಲಿಲ್ಲ, ಮಾವನೂ ಸುಳ್ಳು ಹೇಳಲಿಲ್ಲ. ನಾಲೆಯನ್ನು ಒಡೆಯುತ್ತಿದ್ದದ್ದು ನಿಜ, ಆ ನೀರು ಕುಡಿಯಲಿಕ್ಕೆ ಅನ್ನುವುದೂ ನಿಜ. ಆದರೂ ಅವತ್ತು ಇಬ್ಬರನ್ನೂ ಎದುರುಬದುರು ಕೂರಿಸಿದ್ದರೆ ಜಗಳವೇ ಆಗುತ್ತಿತ್ತು.

ಸುದ್ದಿ ನಮ್ಮನ್ನು ದಾರಿ ತಪ್ಪಿಸುವುದು ಸುಳ್ಳಿನಿಂದ ಮಾತ್ರ ಅಂತ ನಾವು ಅಂದುಕೊಂಡಿದ್ದೇವೆ. ಸುಳ್ಳನ್ನು ಹೇಗಾದರೂ ಹಿಡಿಯಬಹುದು. ನಿಜ ಸಂಗತಿಗೆ ಯಾವ ಹೆಸರು ಇಟ್ಟರು, ಎಲ್ಲಿಂದ ಶುರು ಮಾಡಿದರು, ಎಲ್ಲಿ ಕತ್ತರಿಸಿದರು, ಯಾರ ಬಾಯಿಂದ ಹೇಳಿಸಿದರು, ಇವು ಮಾಡುವ ಕೆಲಸ ಕಣ್ಣಿಗೆ ಕಾಣುವುದಿಲ್ಲ. ಅದು ಹೇಗೆ ನಡೆಯುತ್ತದೆ ಅಂತ ನನಗೆ ತಿಳಿದಷ್ಟು ಬಿಡಿಸಿ ಹೇಳುತ್ತೇನೆ.

ಒಂದು ಕ್ರಿಯಾಪದದ ಭಾರ

‘ಸೀಳು’ ಅನ್ನುವ ಪದವನ್ನೇ ನೋಡಿ. ನಾವು ಸೌದೆ ಸೀಳುತ್ತೇವೆ. ಹೊಟ್ಟೆ ಸೀಳಿದ ಅಂತ ಕಥೆಯಲ್ಲಿ ಕೇಳುತ್ತೇವೆ. ಸೀಳಿದ್ದು ಮತ್ತೆ ಕೂಡುವುದಿಲ್ಲ. ನಾಲೆಗೆ ಆ ಪದ ಅಂಟಿದ ಕೂಡಲೇ ನಾಲೆಗೊಂದು ಮೈ ಬಂತು, ಗಾಯವೂ ಆಯಿತು. ‘ತೂಬು ಇಡ್ತಾರೆ’, ‘ಪೈಪ್ ಜೋಡಿಸ್ತಾರೆ’ ಅಂದಿದ್ದರೆ ಚಿಕ್ಕಪ್ಪನಿಗೆ ಅಷ್ಟು ಭಯ ಆಗುತ್ತಿತ್ತಾ?

ಇದನ್ನು ಪರೀಕ್ಷೆ ಮಾಡಿ ನೋಡಿದವರಿದ್ದಾರೆ. 1974ರಲ್ಲಿ ಅಮೆರಿಕದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಅನ್ನುವ ಮನಃಶಾಸ್ತ್ರಜ್ಞರು ವಿದ್ಯಾರ್ಥಿಗಳಿಗೆ ಕಾರು ಅಪಘಾತದ ಫಿಲ್ಮ್ ತೋರಿಸಿದರು. ಆಮೇಲೆ ಕಾರುಗಳು ಎಷ್ಟು ಸ್ಪೀಡಿನಲ್ಲಿದ್ದವು ಅಂತ ಕೇಳಿದರು. ಎಲ್ಲರಿಗೂ ಅದೇ ಪ್ರಶ್ನೆ, ಕ್ರಿಯಾಪದ ಮಾತ್ರ ಬೇರೆ ಬೇರೆ. ‘ಅಪ್ಪಳಿಸಿದಾಗ’ ಅನ್ನುವ ಅರ್ಥದ ಪದ ಬಳಸಿದಾಗ ಸರಾಸರಿ ಉತ್ತರ ಗಂಟೆಗೆ 40 ಮೈಲಿ ದಾಟಿತು. ‘ತಾಗಿದಾಗ’ ಅಂದವರಿಗೆ ಬಂದ ಉತ್ತರ 32ರ ಹತ್ತಿರ. ಫಿಲ್ಮ್ ಒಂದೇ, ಪದ ಮಾತ್ರ ಬೇರೆ.

ಅದಕ್ಕಿಂತ ಮುಖ್ಯವಾದದ್ದು ಎರಡನೇ ಪರೀಕ್ಷೆ. ಬೇರೊಂದು ಗುಂಪಿಗೆ ಅಪಘಾತದ ಫಿಲ್ಮ್ ತೋರಿಸಿ ಅದೇ ಥರ ಸ್ಪೀಡಿನ ಪ್ರಶ್ನೆ ಕೇಳಿದರು, ಒಂದು ವಾರ ಬಿಟ್ಟು ಅವರನ್ನು ಮತ್ತೆ ಕರೆದು ‘ಒಡೆದ ಗಾಜು ನೋಡಿದಿರಾ?’ ಅಂತ ಕೇಳಿದರು. ಫಿಲ್ಮಿನಲ್ಲಿ ಗಾಜು ಒಡೆದೇ ಇರಲಿಲ್ಲ. ‘ಅಪ್ಪಳಿಸಿದ’ ಅನ್ನುವ ಪದ ಕೇಳಿದ 50 ಜನರಲ್ಲಿ 16 ಮಂದಿ ಹೌದು ಅಂದರು. ಸುಮ್ನೆ ‘ಡಿಕ್ಕಿ ಹೊಡೆದ’ ಅಂತ ಕೇಳಿದ್ದ 50 ಜನರಲ್ಲಿ ಹೌದು ಅಂದವರು 7. ಅಂದರೆ ಪದ ನಮ್ಮ ಅಭಿಪ್ರಾಯವನ್ನು ಮಾತ್ರ ಬದಲಿಸುವುದಿಲ್ಲ, ನೆನಪಿನೊಳಗೆ ಕೈ ಹಾಕಿ ಇಲ್ಲದ ಗಾಜನ್ನೂ ತಂದು ಇಡುತ್ತದೆ. ನಾನು ಇದನ್ನು ಮೊದಲ ಸಲ ಓದಿದಾಗ ತುಂಬಾ ಹೊತ್ತು ಯೋಚನೆಯಲ್ಲಿ ಕೂತಿದ್ದೆ. ನಾನು ಕಣ್ಣಾರೆ ಕಂಡೆ ಅಂತ ನಂಬಿರುವ ಎಷ್ಟೋ ಸಂಗತಿಗಳಲ್ಲಿ ಗಾಜು ಇತ್ತೋ ಇಲ್ಲವೋ!

ಲೆಕ್ಕದಲ್ಲೂ ಇದೇ ಕಥೆ. 1981ರಲ್ಲಿ ಏಮಸ್ ಟ್ವೆರ್ಸ್ಕಿ ಮತ್ತು ಡೇನಿಯಲ್ ಕಾನೆಮನ್ ಒಂದು ಪ್ರಶ್ನೆ ಪ್ರಕಟಿಸಿದರು. ಒಂದು ರೋಗದಿಂದ 600 ಜನ ಸಾಯುವ ಅಪಾಯ ಇದೆ ಅಂದುಕೊಳ್ಳಿ. ಒಂದು ಯೋಜನೆಯಲ್ಲಿ ಫಲ ಖಚಿತ, ಇನ್ನೊಂದರಲ್ಲಿ ಎಲ್ಲರೂ ಉಳಿಯಬಹುದು ಅಥವಾ ಎಲ್ಲರೂ ಹೋಗಬಹುದು. ಖಚಿತ ಯೋಜನೆಯನ್ನು ‘200 ಜನ ಉಳಿಯುತ್ತಾರೆ’ ಅಂತ ಹೇಳಿದಾಗ 100ಕ್ಕೆ 72 ಮಂದಿ ಅದನ್ನೇ ಆರಿಸಿಕೊಂಡರು. ಅದೇ ಯೋಜನೆಯನ್ನು ‘400 ಜನ ಸಾಯುತ್ತಾರೆ’ ಅಂದಾಗ ಆರಿಸಿದವರು 22. 600ರಲ್ಲಿ 200 ಉಳಿದರೆ 400 ಹೋದಂತೆಯೇ, ಅಲ್ವಾ? ಆದರೂ ‘ಉಳಿಯುತ್ತಾರೆ’ ಅನ್ನುವ ಪದಕ್ಕೆ ಮನಸ್ಸು ಬಾಗಿತು.

ಅಡಿ ಮತ್ತು ಬಾಣಲೆ

ನಮ್ಮ ಜಿಲ್ಲೆಯ ಅಚ್ಚುಕಟ್ಟಿನ ಜನ ಮಳೆಗಾಲದಲ್ಲಿ ಬೆಳಿಗ್ಗೆ ಎದ್ದು ಮೊದಲು ನೋಡುವುದು ಡ್ಯಾಂ ಮಟ್ಟ. ‘ಭದ್ರಾ ಎಷ್ಟು ಅಡಿ ಆಯ್ತು?’ ಗರಿಷ್ಠ 186 ಅಡಿ. ನೀರಿನ ಸಾಮರ್ಥ್ಯ 71.5 ಟಿಎಂಸಿ. ಒಂದು ಟಿಎಂಸಿ ಅಂದರೆ 100 ಕೋಟಿ ಘನ ಅಡಿ. ಲೀಟರಿನಲ್ಲಿ ಹೇಳಿದರೆ ಸುಮಾರು 2,830 ಕೋಟಿ.

ಪತ್ರಿಕೆಯ ದೊಡ್ಡ ಅಕ್ಷರದಲ್ಲಿ ಬರುವುದು ಮಾತ್ರ ಅಡಿ. ಇಲ್ಲೊಂದು ಮೋಸ ಇದೆ. ಯಾರೂ ಬೇಕಂತ ಮಾಡಿದ್ದಲ್ಲ. ಮಿರ್ಚಿ ಕರಿಯುವ ಬಾಣಲೆಯನ್ನು ನೆನಪಿಸಿಕೊಳ್ಳಿ. ತಳದಲ್ಲಿ ಎರಡು ಬೆರಳು ಎಣ್ಣೆ ನಿಲ್ಲಬೇಕಾದರೆ ಸ್ವಲ್ಪ ಸುರಿದರೂ ಸಾಕು. ಬಾಯಿ ಹತ್ತಿರ ಎರಡು ಬೆರಳು ಏರಬೇಕಾದರೆ ಡಬ್ಬಿಯೇ ಬೇಕು. ಡ್ಯಾಂ ಕೂಡ ಹಾಗೇ, ಕೆಳಗೆ ಕಿರಿದು, ಮೇಲೆ ಅಗಲ. ಹಾಗಾಗಿ ತಳದಲ್ಲಿ 5 ಅಡಿ ಏರಿದ್ದಕ್ಕೂ ತುದಿಯಲ್ಲಿ 5 ಅಡಿ ಏರಿದ್ದಕ್ಕೂ ನೀರಿನ ಲೆಕ್ಕ ಎಷ್ಟೋ ಪಟ್ಟು ಬೇರೆ. 93 ಅಡಿ ಅಂದರೆ ಅರ್ಧ ಡ್ಯಾಂ ಅಲ್ಲವೇ ಅಲ್ಲ. ಮಟ್ಟ ಕೆಳಗಿದ್ದಾಗ ‘ಒಂದೇ ದಿನ 5 ಅಡಿ ಏರಿಕೆ’ ಅನ್ನುವ ತಲೆಬರಹ ಓದಿ ಸಸಿ ಮಡಿಗೆ ಬೀಜ ಹಾಕಲು ಹೊರಡುವ ರೈತನಿಗೆ ಆ ಅಂಕಿ ನಿಜವನ್ನೇ ಹೇಳಿದೆ. ಆದರೆ ಅವನಿಗೆ ಬೇಕಾಗಿದ್ದ ನಿಜ ಬೇರೆ.

ಹಣದ ಸುದ್ದಿಯಲ್ಲೂ ಇಂಥದ್ದೇ ಮೂರು ಪದ ಇವೆ: ಘೋಷಣೆ, ಮಂಜೂರು, ಬಿಡುಗಡೆ. 2023ರ ಫೆಬ್ರುವರಿಯ ಕೇಂದ್ರ ಬಜೆಟ್‌ನಲ್ಲಿ ಭದ್ರಾ ಮೇಲ್ದಂಡೆ ಯೋಜನೆಗೆ 5,300 ಕೋಟಿ ರೂಪಾಯಿ ನೆರವು ಘೋಷಣೆ ಆಯಿತು. ಘೋಷಣೆ ಅಂದರೆ ಮಾತು, ಮಂಜೂರು ಅಂದರೆ ಒಪ್ಪಿಗೆ, ಬಿಡುಗಡೆ ಅಂದರೆ ಕೈಗೆ ಬಂದ ದುಡ್ಡು. ಚಿತ್ರದುರ್ಗದ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಾ ಕೂತವರ ಕಿವಿಗೆ ಮೂರೂ ‘ಕೊಟ್ರು’ ಅಂತಲೇ ಕೇಳಿಸುತ್ತವೆ. ಅಂದಹಾಗೆ, ಈ ಮೇಲ್ದಂಡೆ ಯೋಜನೆಯೂ ಮೊದಲು ಹೇಳಿದ ಕುಡಿಯುವ ನೀರಿನ ಕಾಮಗಾರಿಯೂ ಬೇರೆ ಬೇರೆ. ಮೇಲ್ದಂಡೆ ಅನ್ನುವುದು ಬರದ ತಾಲ್ಲೂಕುಗಳಿಗೆ ನೀರಾವರಿಗೆಂದು ಮಾಡಿದ್ದು. ಕೆರೆ ತುಂಬಿಸುವುದೂ ಅದರಲ್ಲಿ ಸೇರಿದೆ. ಎರಡಕ್ಕೂ ಭದ್ರಾ ಅನ್ನುವ ಹೆಸರು ಇರುವುದರಿಂದ ಮಾತಿನಲ್ಲಿ ಎರಡೂ ಕಲಸಿ ಹೋಗುತ್ತವೆ. ‘ದಾವಣಗೆರೆ ವಿರುದ್ಧ ಚಿತ್ರದುರ್ಗ’ ಅಂತ ಬರೆಯುವವರು ಒಂದನ್ನು ಮರೆಯುತ್ತಾರೆ. ಮೇಲ್ದಂಡೆ ನೀರಿಗೆ ಕಾಯುತ್ತಿರುವ ಜಗಳೂರು ಇರುವುದು ದಾವಣಗೆರೆ ಜಿಲ್ಲೆಯಲ್ಲೇ.

ಜಗಳೂರಿನ ಬರ ಎಷ್ಟು ದಿನ ಮುಖಪುಟದಲ್ಲಿ ಇರುತ್ತದೆ? 1968ರ ಅಮೆರಿಕ ಅಧ್ಯಕ್ಷ ಚುನಾವಣೆಯ ಹೊತ್ತಿಗೆ ಮ್ಯಾಕ್ಸ್‌ವೆಲ್ ಮೆಕೂಂಬ್ಸ್ ಮತ್ತು ಡೊನಾಲ್ಡ್ ಶಾ ಒಂದು ಸಣ್ಣ ಊರಿನ ಮತದಾರರನ್ನು ಮಾತಾಡಿಸಿ, ಮಾಧ್ಯಮ ಯಾವುದನ್ನು ಜಾಸ್ತಿ ಹೇಳುತ್ತದೋ ಜನ ಅದನ್ನೇ ದೊಡ್ಡ ಸಮಸ್ಯೆ ಅಂತ ಎಣಿಸುತ್ತಾರೆ ಅಂತ ತೋರಿಸಿದರು. ಏನು ಯೋಚಿಸಬೇಕು ಅಂತ ಪತ್ರಿಕೆ ಹೇಳದಿದ್ದರೂ ಯಾವುದರ ಬಗ್ಗೆ ಯೋಚಿಸಬೇಕು ಅಂತ ಹೇಳುತ್ತದೆ. ಪ್ರತಿಭಟನೆ ನಡೆದ ದಿನ ನಾಲೆ ಸುದ್ದಿ. ಬೋರ್‌ವೆಲ್ ಬತ್ತಿದ ಸಾವಿರ ದಿನ ಸುದ್ದಿಯಲ್ಲ.

‘ಅಂತೆ’ ಕಳೆದುಹೋದಾಗ

ಮೊದಲಿನ ಆ ಎರಡು ಫೋನ್ ಮಾತನ್ನು ಇನ್ನೊಮ್ಮೆ ಕೇಳಿ. ‘ಸೀಳ್ತಾರಂತೆ.’ ‘ಕೊಡ್ತಾರಂತೆ.’ ಚಿಕ್ಕಪ್ಪ ಏಳನೇ ಕ್ಲಾಸ್, ಮಾವ ಎಸ್ಎಸ್ಎಲ್‌ಸಿ. ಆದರೂ ಇಬ್ಬರೂ ತಮ್ಮ ಮಾತಿನ ಕೊನೆಗೆ ಒಂದು ಸಣ್ಣ ಗುರುತು ಹಾಕಿದರು. ‘ಇದು ನಾನು ಕಂಡಿದ್ದಲ್ಲ, ಕೇಳಿದ್ದು’ ಅನ್ನುವ ಗುರುತು. ‘ಮಳೆ ಬಂತು’ ಬೇರೆ, ‘ಮಳೆ ಬಂತಂತೆ’ ಬೇರೆ. ಒಂದು ‘ಅಂತೆ’ಯಲ್ಲಿ ಮಾತಿನ ಜವಾಬ್ದಾರಿ ಎಷ್ಟು ಅಂತ ಹೇಳಿಬಿಡುತ್ತೇವೆ. ನಮ್ಮ ನುಡಿ ಕೊಟ್ಟ ದೊಡ್ಡ ಉಡುಗೊರೆ ಇದು ಅಂತ ನನಗೆ ಅನಿಸುತ್ತದೆ.

ಟರ್ಕಿಯ ಭಾಷೆಯಲ್ಲೂ ಇದು ಇದೆ. ಕ್ರಿಯಾಪದದ ಕೊನೆಗೆ ‘ಮಿಶ್’ ಅನ್ನುವ ಪ್ರತ್ಯಯ ಸೇರಿದರೆ ಕೇಳಿದ ಮಾತು ಅಂತ ಅರ್ಥ. ಅವರ ಅಜ್ಜಿಕಥೆಗಳು ಶುರುವಾಗುವುದೇ ಅದರಿಂದ, ‘ಒಂದು ಇತ್ತಂತೆ, ಒಂದು ಇರಲಿಲ್ಲವಂತೆ’ ಅಂತ. ನಮ್ಮ ಅಜ್ಜಿಯರೂ ‘ಒಬ್ಬ ರಾಜ ಇದ್ದನಂತೆ’ ಅಂತ ತಾನೇ ಶುರು ಮಾಡುವುದು? ಇಂಗ್ಲಿಷಿನಲ್ಲಿ ಇದನ್ನು ಹೇಳಬೇಕಾದರೆ ಬೇರೆ ಪದವನ್ನು ಹುಡುಕಿ ಸೇರಿಸಬೇಕು. ಸೇರಿಸದೆ ಬಿಟ್ಟರೂ ವಾಕ್ಯ ಕುಂಟುವುದಿಲ್ಲ.

ಈಗ ಟಿವಿ ಹಚ್ಚಿ ನೋಡಿ. ಪರದೆಯ ಕೆಳಗೆ ಓಡುವ ಸಾಲುಗಳಲ್ಲಿ ‘ಅಂತೆ’ ಇಲ್ಲ. ‘ಭುಗಿಲೆದ್ದ ಆಕ್ರೋಶ’, ‘ರಣರಂಗವಾದ ದಾವಣಗೆರೆ’. ರಣರಂಗ ಅನ್ನುವ ಆ ಸರ್ಕಲ್‌ನಲ್ಲೇ ನಾನು ಆ ಹೊತ್ತಿಗೆ ಬಸ್ಸಿಗೆ ಕಾದು ನಿಂತಿದ್ದೂ ಉಂಟು. ಪತ್ರಿಕೆಯಲ್ಲಿ ‘ಅಂತೆ’ ಜಾಗಕ್ಕೆ ‘ಎನ್ನಲಾಗಿದೆ’ ಬಂದು ಕೂತಿದೆ. ಎರಡೂ ಒಂದೇ ಅಂತ ಕಾಣುತ್ತದೆ, ಒಂದೇ ಅಲ್ಲ. ಚಿಕ್ಕಪ್ಪ ‘ಅಂತೆ’ ಅಂದಾಗ ‘ಯಾರು ಹೇಳಿದ್ರು?’ ಅಂತ ಕೇಳಬಹುದು. ‘ಸೊಸೈಟಿ ಹತ್ರ ಮಾತಾಡ್ತಿದ್ರು’ ಅಂತ ಅವರೂ ಹೇಳುತ್ತಾರೆ. ‘ಎನ್ನಲಾಗಿದೆ’ ಅನ್ನುವ ವಾಕ್ಯಕ್ಕೆ ಹೇಳಿದವನೇ ಇಲ್ಲ. ಅಚ್ಚಾದ ಅಕ್ಷರಕ್ಕೆ ಇರುವ ಘನತೆ ಮಾತ್ರ ಉಳಿಯುತ್ತದೆ. ಓದುಗರು ಅದನ್ನು ಮನೆಗೆ ಒಯ್ದು ‘ಪೇಪರ್‌ನಾಗೆ ಬಂದೈತಿ’ ಅನ್ನುತ್ತಾರೆ.

ಕಿಂಡಿಯ ಮುಂದೆ ನಿಂತು

ಚಿತ್ರದುರ್ಗದ ಕೋಟೆಗೆ ಹೋದವರೆಲ್ಲ ಒನಕೆ ಓಬವ್ವನ ಕಿಂಡಿ ನೋಡಿಯೇ ಬರುತ್ತಾರೆ. ಎರಡು ಬಂಡೆಗಳ ನಡುವೆ ಒಬ್ಬರು ಬಗ್ಗಿ ಒಳಗೆ ನುಸುಳಬಹುದಾದ ಸಂದಿ. ಕಳೆದ ಸಲ ನಾನು ಹೋಗಿದ್ದಾಗ ಶಾಲೆ ಪ್ರವಾಸದ ಮಕ್ಕಳ ಗುಂಪು ಇತ್ತು. ಒಬ್ಬ ಹುಡುಗ ಕಿಂಡಿಯ ಪಕ್ಕ ಒನಕೆ ಎತ್ತಿದವನ ಹಾಗೆ ಕೈ ಎತ್ತಿ ನಿಂತ. ಇನ್ನೊಬ್ಬ ಫೋಟೊ ತೆಗೆದ. ಇಬ್ಬರೂ ಹುಟ್ಟುವ ಹೊತ್ತಿಗೆ ಓಬವ್ವನನ್ನು ತೋರಿಸಿದ ‘ನಾಗರಹಾವು’ ಸಿನಿಮಾ ಬಂದು ನಲವತ್ತು ವರ್ಷ ದಾಟಿತ್ತು. ಆದರೂ ಆ ಭಂಗಿ ಅವನಿಗೆ ಗೊತ್ತಿತ್ತು.

1972ರಲ್ಲಿ ಪುಟ್ಟಣ್ಣ ಕಣಗಾಲ್ ನಿರ್ದೇಶಿಸಿದ ಆ ಚಿತ್ರದ ಒಂದು ಹಾಡಿನಲ್ಲಿ ನಟಿ ಜಯಂತಿ ಓಬವ್ವ ಆಗಿದ್ದರು. ಚಿತ್ರೀಕರಣ ಆದದ್ದು ಇದೇ ಕೋಟೆಯಲ್ಲಿ. ಆ ಹಾಡಿನ ಕೆಲವು ನಿಮಿಷ ಕರ್ನಾಟಕದ ಕಣ್ಣಲ್ಲಿ ಓಬವ್ವನಿಗೆ ಒಂದು ಮುಖ ಕೊಟ್ಟಿತು. ಅದಕ್ಕೂ ಮೊದಲು ದುರ್ಗದ ಜನ ಈ ಕಥೆಯನ್ನು ಬಾಯಿಂದ ಬಾಯಿಗೆ ದಾಟಿಸುತ್ತಿದ್ದರು. ಕೇಳಿದ ಒಬ್ಬೊಬ್ಬರಿಗೂ ಅವರವರ ಓಬವ್ವ ಇದ್ದಳು. ಈಗ ಎಲ್ಲರಿಗೂ ಒಬ್ಬಳೇ. 2021ರಿಂದ ನವೆಂಬರ್ 11ಕ್ಕೆ ರಾಜ್ಯ ಸರ್ಕಾರ ಓಬವ್ವ ಜಯಂತಿ ಮಾಡುತ್ತಿದೆ.

ಕಾವಲುಗಾರನ ಹೆಂಡತಿಯೊಬ್ಬಳು ನಾಡಿನ ಇತಿಹಾಸದ ನಡುಮನೆಗೆ ಬಂದದ್ದು ನನಗೆ ಹೆಮ್ಮೆಯ ವಿಷಯ. ರಾಜರ ಶಾಸನಗಳು ಅವಳಂಥವರ ಹೆಸರು ಬರೆಯುವುದಿಲ್ಲ. ಜನರ ನೆನಪು, ಆಮೇಲೆ ಸಿನಿಮಾ, ಅವಳನ್ನು ಉಳಿಸಿಕೊಟ್ಟವು. ಆದರೆ ಚಿತ್ರ ಒಂದನ್ನು ಬೆಳಗಿದಾಗ ಪಕ್ಕದ್ದು ಕತ್ತಲಾಗುತ್ತದೆ. ಹೈದರಾಲಿಯ ಮುತ್ತಿಗೆ ಒಂದು ದಿನದ್ದಲ್ಲ, ಮತ್ತೆ ಮತ್ತೆ ನಡೆಯಿತು. 1779ರಲ್ಲಿ ಕೋಟೆ ಬಿತ್ತು, ಮದಕರಿ ನಾಯಕನನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದರು. ಕಿಂಡಿಯ ಮುಂದೆ ಚಪ್ಪಾಳೆ ತಟ್ಟಿದ ಆ ಮಕ್ಕಳನ್ನು ‘ಕೊನೆಗೆ ಕೋಟೆ ಏನಾಯ್ತು?’ ಅಂತ ಕೇಳಿದೆ. ‘ನಾವು ಗೆದ್ವಿ’ ಅಂತ ಒಕ್ಕೊರಲಿನಿಂದ ಹೇಳಿದರು.

ಶ್ರೀರಂಗಪಟ್ಟಣದ ಕಡೆಯಿಂದ ಅದೇ 1779 ನೋಡಿದರೆ ಸಣ್ಣ ಮೈಸೂರನ್ನು ದೊಡ್ಡದು ಮಾಡಿದ ಗಟ್ಟಿಗನ ಕಥೆ ಕಾಣುತ್ತದೆ. ದುರ್ಗದಿಂದ ನೋಡಿದರೆ ಮನೆ ಬಾಗಿಲಿಗೆ ಬಂದ ದಾಳಿ. ಹೀಗೆ ನಿಂತ ಜಾಗದಿಂದ ಹೆಸರು ಬದಲಾಗುವುದು ಎಲ್ಲ ನಾಡಿನಲ್ಲೂ ಇದೆ. 1857ಕ್ಕೆ ಇಂಗ್ಲಿಷರು ಸಿಪಾಯಿ ದಂಗೆ ಅಂದರು, ನಾವು ಸ್ವಾತಂತ್ರ್ಯ ಸಂಗ್ರಾಮ ಅನ್ನುತ್ತೇವೆ. ಜಗತ್ತೆಲ್ಲ ವಿಯೆಟ್ನಾಂ ಯುದ್ಧ ಅನ್ನುವುದನ್ನು ವಿಯೆಟ್ನಾಂ ಜನ ಅಮೆರಿಕದ ವಿರುದ್ಧದ ಹೋರಾಟ ಅನ್ನುತ್ತಾರೆ. 1973ರ ಯುದ್ಧಕ್ಕೆ ಇಸ್ರೇಲ್‌ನಲ್ಲಿ ಯೋಮ್ ಕಿಪ್ಪುರ್ ಯುದ್ಧ ಅಂತ ಹೆಸರು, ಈಜಿಪ್ಟ್‌ನಲ್ಲಿ ಅಕ್ಟೋಬರ್ ಯುದ್ಧ. ಹೆಸರು ಹೇಳಿದ ಕೂಡಲೇ ಯಾರ ಪಕ್ಕ ಕೂತಿದ್ದೀರಿ ಅಂತ ಗೊತ್ತಾಗುತ್ತದೆ.

ಜನರಿಗೇ ಹೆಸರು ಇಡತೊಡಗಿದಾಗ ಅದು ಇನ್ನೂ ಭಯಂಕರ. 1994ರಲ್ಲಿ ಆಫ್ರಿಕಾದ ರುವಾಂಡಾದಲ್ಲಿ ಒಂದು ರೇಡಿಯೊ ಸ್ಟೇಷನ್ ಟುಟ್ಸಿ ಜನರನ್ನು ದಿನವೂ ‘ಜಿರಳೆಗಳು’ ಅಂತ ಕರೆಯುತ್ತಿತ್ತು. ಸುಮಾರು ನೂರು ದಿನಗಳಲ್ಲಿ ಲಕ್ಷಗಟ್ಟಲೆ ಜನರ ಕೊಲೆಯಾಯಿತು. 2003ರಲ್ಲಿ ಅಂತರರಾಷ್ಟ್ರೀಯ ನ್ಯಾಯಮಂಡಳಿ ಆ ರೇಡಿಯೊ ನಡೆಸಿದವರನ್ನು ತಪ್ಪಿತಸ್ಥರು ಅಂತ ತೀರ್ಮಾನಿಸಿತು. ಮನುಷ್ಯನನ್ನು ಕೊಲ್ಲಲು ಕೈ ಹಿಂಜರಿಯುತ್ತದೆ, ಜಿರಳೆ ಹೊಸಕಲು ಯಾರೂ ಯೋಚಿಸುವುದಿಲ್ಲ. ಆ ಪದ ಮಾಡಿದ ಕೆಲಸ ಅದೇ.

ಕರಾಚಿಯಿಂದ ಬಂದ ವಿಡಿಯೊ

2018ರ ಬೇಸಿಗೆ. ನಮ್ಮ ಮನೆಯವರ ವಾಟ್ಸ್ಆ್ಯಪ್ ಗ್ರೂಪಿಗೆ ದೊಡ್ಡಮ್ಮ ಒಂದು ವಿಡಿಯೊ ಕಳಿಸಿದರು. ಬೀದಿಯಲ್ಲಿ ಮಕ್ಕಳು ಆಡುತ್ತಿದ್ದಾರೆ. ಬೈಕಿನಲ್ಲಿ ಇಬ್ಬರು ಬರುತ್ತಾರೆ. ಒಂದು ಮಗುವನ್ನು ಎತ್ತಿಕೊಂಡು ಹೋಗಿಬಿಡುತ್ತಾರೆ. ಅಷ್ಟೇ. ಜೊತೆಗೆ, ಮಕ್ಕಳ ಕಳ್ಳರು ನಮ್ಮ ಕಡೆಗೂ ಬಂದಿದ್ದಾರೆ, ಹುಷಾರು ಅಂತ ಒಂದು ಸಂದೇಶ. ನನ್ನ ತಂಗಿ ಅವತ್ತು ಮಗನನ್ನು ಹೊರಗೆ ಆಡಲು ಬಿಡಲಿಲ್ಲ.

ಆ ವಿಡಿಯೊ ಪಾಕಿಸ್ತಾನದ ಕರಾಚಿಯಲ್ಲಿ ಮಾಡಿದ್ದು. ಮಕ್ಕಳ ಸುರಕ್ಷತೆಗಾಗಿ ಮಾಡಿದ ಜಾಗೃತಿ ಜಾಹೀರಾತು. ಪೂರ್ತಿ ವಿಡಿಯೊದಲ್ಲಿ ಬೈಕಿನವರು ತಿರುಗಿ ಬರುತ್ತಾರೆ, ಮಗುವನ್ನು ಇಳಿಸುತ್ತಾರೆ, ಎಚ್ಚರಿಕೆಯ ಬರಹ ಇರುವ ಫಲಕ ಹಿಡಿದು ತೋರಿಸುತ್ತಾರೆ. ಆ ಕೊನೆಯ ತುಣುಕನ್ನು ಯಾರೋ ಕತ್ತರಿಸಿದ್ದರು. ಒಂದು ದೃಶ್ಯವನ್ನೂ ಹೊಸದಾಗಿ ಸೇರಿಸಿರಲಿಲ್ಲ. ಇದ್ದದ್ದನ್ನು ತೆಗೆದದ್ದು ಮಾತ್ರ. ಮಕ್ಕಳನ್ನು ಕಾಪಾಡಲು ಮಾಡಿದ್ದು ಗಡಿ ದಾಟಿ, ಭಾಷೆ ದಾಟಿ ನಮ್ಮಲ್ಲಿಗೆ ಬರುವಷ್ಟರಲ್ಲಿ ಕೊಲೆಗೆ ಕಾರಣವಾಯಿತು. ಆ ವರ್ಷ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಹೊಟ್ಟೆಪಾಡಿಗೆ ಬಂದಿದ್ದ ಒಬ್ಬ ಯುವಕನನ್ನು, ಜುಲೈನಲ್ಲಿ ಬೀದರ್ ಜಿಲ್ಲೆಯಲ್ಲಿ ಹೈದರಾಬಾದಿನ ಯುವಕನನ್ನು, ಮಕ್ಕಳ ಕಳ್ಳರು ಅಂತ ಜನ ಹೊಡೆದು ಕೊಂದರು. ದೇಶದ ಬೇರೆ ಕಡೆಯೂ ಹೀಗೇ ಆಯಿತು. ಆ ಜುಲೈನಲ್ಲೇ ವಾಟ್ಸ್ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಂದು ಸಲಕ್ಕೆ ಐದು ಕಡೆಗೆ ಮಾತ್ರ ಫಾರ್ವರ್ಡ್ ಮಾಡುವ ಮಿತಿ ಪ್ರಕಟಿಸಿತು.

ಎರಡು ಸಾವಿರ ವರ್ಷಕ್ಕೂ ಹಿಂದೆ ಗ್ರೀಸಿನ ಅರಿಸ್ಟಾಟಲ್, ಮಾತು ಮೂರು ಕಾರಣಕ್ಕೆ ನಾಟುತ್ತದೆ ಅಂದಿದ್ದ: ಹೇಳುವವನ ಮೇಲಿನ ನಂಬಿಕೆ, ಕೇಳುವವನ ಭಾವನೆ, ಮಾತಿನೊಳಗಿನ ತರ್ಕ. ಅವನ ಕಾಲದಲ್ಲಿ ಮಾತು ಹುಟ್ಟಿಸಿದವನೇ ಎದುರಿಗೆ ನಿಂತಿರುತ್ತಿದ್ದ. ಫಾರ್ವರ್ಡ್‌ನಲ್ಲಿ ಮಾತು ಯಾರದ್ದೋ, ನಂಬಿಕೆ ಮಾತ್ರ ದೊಡ್ಡಮ್ಮನ ಮೇಲಿನದು. ನಮಗೆ ಅನ್ನ ಕಲಸಿ ಕೊಟ್ಟ ಕೈಯಿಂದ ಬಂದದ್ದನ್ನು ನಾವು ಅನುಮಾನಿಸುವುದು ಹೇಗೆ? ಮೂರು ಗ್ರೂಪಿನಲ್ಲಿ ಬಂದರೆ ಇನ್ನೂ ಗಟ್ಟಿ. ಕೇಳಿದ ಮಾತನ್ನೇ ಮತ್ತೆ ಕೇಳಿದರೆ ಅದು ಜಾಸ್ತಿ ನಿಜ ಅನಿಸುತ್ತದೆ ಅಂತ 1977ರಲ್ಲೇ ಸಂಶೋಧಕರು ಪರೀಕ್ಷೆ ಮಾಡಿ ತೋರಿಸಿದ್ದಾರೆ. ಪರಿಚಯವನ್ನು ಮನಸ್ಸು ಸತ್ಯ ಅಂತ ತಪ್ಪು ತಿಳಿಯುತ್ತದೆ.

ಆಮೇಲೆ ಪೂರ್ತಿ ವಿಡಿಯೊ ಸಿಕ್ಕಾಗ ಅದನ್ನು ದೊಡ್ಡಮ್ಮನಿಗೆ ತೋರಿಸಿದೆ. ಗ್ರೂಪಿನಲ್ಲಿ ಹಾಕಿ ‘ಇದು ಸುಳ್ಳು’ ಅಂತ ಬರೆಯಲಿಲ್ಲ. ಅವರಿಗೆ ಅವಮಾನ ಆಗುತ್ತಿತ್ತು. ಮನೆಗೆ ಹೋಗಿ, ಪಕ್ಕ ಕೂತು, ಫೋನು ಅವರ ಕೈಗೇ ಕೊಟ್ಟೆ. ಬೈಕು ತಿರುಗಿ ಬಂದು ಮಗು ಇಳಿದಾಗ ದೊಡ್ಡಮ್ಮ ‘ಅಯ್ಯೋ, ತಂದು ಬಿಟ್ರಲ್ಲೋ’ ಅಂದರು. ಆಮೇಲೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ತಾವು ಯಾರ್ಯಾರಿಗೆ ಕಳಿಸಿದ್ದರೋ ಅವರಿಗೆಲ್ಲ ಒಬ್ಬೊಬ್ಬರಿಗೇ ಫೋನ್ ಮಾಡಿದರು.

ಪಂಕ್ತಿಯಲ್ಲಿ

ನಾಲೆ ಗಲಾಟೆ ಆಗಿ ಕೆಲವು ತಿಂಗಳ ಮೇಲೆ ದಾವಣಗೆರೆಯಲ್ಲಿ ನಮ್ಮ ಮನೆಯ ಒಂದು ಮದುವೆ ಇತ್ತು. ಊಟದ ಪಂಕ್ತಿಯಲ್ಲಿ ಚಿಕ್ಕಪ್ಪ, ಅವರ ಪಕ್ಕ ಹೊಸದುರ್ಗದ ಮಾವ. ನಾನು ಎದುರು ಸಾಲಿನಲ್ಲಿ. ಸಾರು ಬಡಿಸುವ ಹೊತ್ತಿಗೆ ನಾಲೆ ವಿಷಯ ಬಂದೇ ಬಂತು. ಚಿಕ್ಕಪ್ಪ ‘ಸೀಳೋದು’ ಅಂದರು. ಮಾವ ‘ಕುಡಿಯೋ ನೀರು’ ಅಂದರು. ಇಬ್ಬರ ದನಿಯೂ ಏರಿತು.

ಆಮೇಲೆ ಚಿಕ್ಕಪ್ಪ ಕೈ ತಡೆದು ಕೇಳಿದರು, ‘ಅಲ್ಲ ಭಾವ, ನಿಮ್ ಕಡೆ ಬೋರು ಎಷ್ಟ್ ಅಡಿ?’

‘ಎಂಟ್ನೂರು. ಹೋದ್ ವರ್ಷ ಎರಡು ಹೊಡೆಸಿದೆ. ಒಂದ್ರಾಗೆ ಬರೀ ಧೂಳು.’

‘ಕುಡಿಯೋಕೆ?’

‘ಟ್ಯಾಂಕರ್.’

ಚಿಕ್ಕಪ್ಪ ಅನ್ನ ಕಲಸುತ್ತಾ ಕೂತರು. ಈಗ ಮಾವ ಕೇಳಿದರು, ‘ನಿಮಗೇನು, ನಾಲೆ ನೀರು ದಿನಾ ಬರ್ತೈತಲ್ಲ?’

‘ದಿನಾನಾ? ನಮ್ದು ಕೊನೆ ಭಾಗ ಭಾವ. ಮೇಲಿನೋರು ಕಟ್ಕೊಂಡು ಉಳಿದ್ರೆ ನಮಗೆ. ಹೋದ ಬೇಸಿಗೆ ರಾತ್ರಿ ಎರಡು ಗಂಟೆಗೆ ಎದ್ದು ನಾಲೆ ಮ್ಯಾಗೆ ಕಾದು ಕುಂತಿದ್ವಿ.’

‘ಹೌದಾ?’ ಅಂದರು ಮಾವ. ‘ಅದು ನಮ್ ಕಡೆ ಪೇಪರ್‌ನಾಗೆ ಬರಲಿಲ್ಲ.’

ಮಜ್ಜಿಗೆ ಬಂತು. ಇಬ್ಬರೂ ಎಲೆ ಮೇಲಿನ ಕೈ ಎತ್ತದೆ ಇನ್ನೂ ಮಾತಾಡುತ್ತಲೇ ಇದ್ದರು. ಮುಂದಿನ ಪಂಕ್ತಿಯವರು ಹಿಂದೆ ಬಂದು ನಿಂತಿದ್ದರು.